ಲಾಡಲೇಸಾಬನ ಭೋಂಗಾ, ಗೌಡರ ತಾಟು

ಲಾಡಲೇಸಾಬನ ಧ್ವನಿ ಮೂರು ಹೊಲ ದಾಟಿ ಕೇಳುತ್ತಿತ್ತು. ಆದರೆ ‘ನನ್ನ ಬಾಡಿಗಿ ರೊಕ್ಕಾ ಕೊಡ್ರಿ’ ಎನ್ನುವಾಗ ಮಾತ್ರ ಅದು ಅವನ ಮೀಸೆಯನ್ನೂ ದಾಟುತ್ತಿರಲಿಲ್ಲ.

ವಿಜಾಪುರದ ಶಹಾಪುರ ಅಗಸಿಯ ಹತ್ತಿರ ಅವನದೊಂದು ಅಂಗಡಿ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು ಮತ್ತು ಬಾಗಿಲ ಮೇಲೆ ನೇತಾಡುವ ಒಂದು ಭೋಂಗಾ. ದತ್ತೂರಿ ಹೂವನ್ನು ತಗಡಿನಲ್ಲಿ ಮಾಡಿ, ಒಳಗೆ ಒಂದು ಕುರಿಮರಿ ಮಲಗುವಷ್ಟು ದೊಡ್ಡದು ಮಾಡಿದರೆ ಹೇಗಿರುತ್ತದೋ ಹಾಗಿತ್ತು ಆ ಭೋಂಗಾ. ಒಳಗೆ ಸೊಲ್ಲಾಪುರದಿಂದ ತಂದ ಮಷಿನ್ನು, ಅದಕ್ಕೆ ಜೋಡಿಸುವ ಮೋಟಾರಿನ ಬ್ಯಾಟರಿ, ಕೈಯಿಂದ ಕೀಲಿ ಕೊಡುವ ಗ್ರಾಮೋಫೋನು, ಗೆರೆ ಸವೆದ ಒಂದಿಷ್ಟು ರಿಕಾರ್ಡು. ಇಷ್ಟೂ ಸೇರಿ ಜನರ ಬಾಯಲ್ಲಿ ‘ಮೈಕು’. ೧೯೬೦ರ ಆಚೀಚೆಯ ಮಾತಿದು. ಟಿಕೋಟಾ, ಬಬಲೇಶ್ವರದ ಕಡೆಯ ಎಷ್ಟೋ ಹಳ್ಳಿಗಳಿಗೆ ಕರೆಂಟು ಇನ್ನೂ ಬಂದಿರಲಿಲ್ಲ, ಮೈಕು ಬಂದುಬಿಟ್ಟಿತ್ತು.

ಬಂದದ್ದೇ ತಡ, ಅದಿಲ್ಲದೆ ಮದುವೆ ಆಗದಂತಾಯಿತು. ಸೋದರಮಾವ ಬರದಿದ್ದರೆ ‘ಹೋಗಲಿ ಬಿಡ್ರಿ’ ಎಂದು ಅಕ್ಕಿಕಾಳು ಹಾಕಿಬಿಡುತ್ತಿದ್ದರು. ಮೈಕು ಬರುವ ಬಸ್ಸು ತಡವಾದರೆ ಮುಹೂರ್ತವನ್ನೇ ನಿಲ್ಲಿಸಿ ರಸ್ತೆಗೆ ಬಂದು ನಿಲ್ಲುತ್ತಿದ್ದರು. ಬಸ್ಸಿನ ಟಪ್ಪಿನ ಮೇಲೆ ಭೋಂಗಾ ಬಿಸಿಲಿಗೆ ಫಳಫಳ ಹೊಳೆದದ್ದೇ ‘ಬಂತು! ಬಂತು!’ ಎಂದು ಊರಿಗೆ ಊರೇ ಓಡುತ್ತಿತ್ತು. ಅದರ ಪಕ್ಕದಲ್ಲೇ ಬಿಸಿಲಿಗೆ ಮದುಮಗನೇ ಕುಳಿತಿದ್ದರೂ ಅವನನ್ನು ಯಾರೂ ನೋಡುತ್ತಿರಲಿಲ್ಲ.

ಮೊದಲು ಲಾಡಲೇಸಾಬ ಸೈಕಲ್ ಪಂಕ್ಚರ್ ತಿದ್ದುತ್ತಿದ್ದ. ಹೆಂಡತಿ ಮಾಲನಬಿ ಕಾಲಲ್ಲಿನ ಬೆಳ್ಳಿ ಕಡಗ ಬಿಚ್ಚಿ ಕೊಟ್ಟು ಮೊದಲ ಕಂತು ಕಟ್ಟಿಸಿದಳು. ಉಳಿದದ್ದನ್ನು ಕಂತಿನ ಮೇಲೆ ತೀರಿಸುವ ಕರಾರು. ಮೈಕಿನ ಮುಂದೆ ಕೂತದ್ದೇ ಪಂಕ್ಚರ್ ಲಾಡಲೇಸಾಬ ಮಾಯವಾಗಿ ಬೇರೊಬ್ಬನೇ ಹುಟ್ಟಿದ. ಕರೀ ಕೋಟು ಬಂತು. ಮಾತಿಗೂ ಕೋಟು ಬಂತು. ‘ಆ ಸೊಟ್ಟ ಕಂಬಾ ನೆಟ್ಟಗ ಮಾಡ್ರಿ’ ಎನ್ನುತ್ತಿದ್ದವನು, ಮೈಕು ಬಾಯಿಗೆ ಬಂದೊಡನೆ ‘ಮಹಾಜನರಲ್ಲಿ ಸವಿನಯ ವಿನಂತಿ, ಊಟದ ಪಂಕ್ತಿಯಲ್ಲಿ ನಾಯಿಗಳ ಪ್ರವೇಶವನ್ನು ತಡೆಯಬೇಕು’ ಎನ್ನತೊಡಗಿದ. ಒಂದು, ಎರಡು, ಮೂರು ಎಂದು ಅವನು ಧ್ವನಿ ಪರೀಕ್ಷೆ ಮಾಡುವ ಗಾಂಭೀರ್ಯಕ್ಕೆ, ನಾಲ್ಕು ಬರುತ್ತದೋ ಇಲ್ಲವೋ ಎಂದು ಜನ ಉಸಿರು ಹಿಡಿದು ಕಾಯುತ್ತಿದ್ದರು.

ಮೈಕು ಓಡಿತು. ರೊಕ್ಕ ಮಾತ್ರ ಓಡಲಿಲ್ಲ.

ಮದುವೆಮನೆಯಲ್ಲಿ ಬಾಡಿಗೆ ಕೇಳುವಂತಿಲ್ಲ. ‘ಶುಭದಾಗ ರೊಕ್ಕದ ಮಾತು ತಗೀತಾರೇನಲೇ?’ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಿದ್ದರು. ಶುಭ ಮುಗಿದ ಮೇಲೆ ಹೋದರೆ ಒಂದೊಂದು ಊರಿನದು ಒಂದೊಂದು ರಾಗ. ಹೊನವಾಡದಲ್ಲಿ ಒಬ್ಬರು, ‘ವರ್ಷ ತುಂಬೂದ್ರಾಗ ತೊಟ್ಟಿಲಾ ತೂಗೂದೈತಿ, ಆವಾಗೂ ನಿನ್ನ ಮೈಕs ಹೇಳತೇನಿ, ಎರಡೂ ಕೂಡಿಸೇ ತಗೊಂಬಿಡು’ ಎಂದರು. ಮದುಮಕ್ಕಳ ಕೈಯ ಅರಿಶಿಣ ಇನ್ನೂ ಆರಿರಲಿಲ್ಲ. ಸಾರವಾಡದಲ್ಲಿ ಅಳಿಯ ಸಿಟ್ಟಾಗಿದ್ದ, ಅವನು ನಗುವ ತನಕ ಯಾರಿಗೂ ರೊಕ್ಕವಿಲ್ಲ. ಎಲ್ಲಕ್ಕೂ ಮೇಲೆ ಕಾಖಂಡಕಿಯ ದೊಡ್ಡವರದು: ‘ನಿನ್ನ ಭೋಂಗಾದ ಮಾರಿ ಆಚಿ ಊರ ಕಡೆ ಇತ್ತು. ನಮ್ಮಕಿಂತಾ ಹೆಚ್ಚು ಅವರs ಕೇಳ್ಯಾರ. ಅರ್ಧಾ ಬಾಡಿಗಿ ಅವರ ಕಡೆ ಇಸ್ಕೋ ಹೋಗು!’

ಇವರೆಲ್ಲ ಚಿಲ್ಲರೆ. ನಿಜವಾದ ಬೆಟ್ಟ ಟಿಕೋಟಾದಲ್ಲಿತ್ತು. ಅದರ ಹೆಸರು ಹಣಮಂತರಾಯ ಗೌಡರು.

ಗೌಡರು ಕೆಟ್ಟವರಲ್ಲ. ಮನೆಗೆ ಬಂದವರಿಗೆ ಊಟವಿಲ್ಲದೆ ಕಳಿಸಿದವರಲ್ಲ. ಆದರೆ ತಮ್ಮ ಧ್ವನಿಯನ್ನು ಮೊದಲ ಸಲ ಭೋಂಗಾದಲ್ಲಿ ಕೇಳಿದ ದಿನದಿಂದ ಅವರಿಗೆ ಬೇರೆ ಯಾವ ಧ್ವನಿಯೂ ರುಚಿಸದಾಯಿತು. ಹಿರಿಯ ಮಗನ ಮದುವೆಗೆ ಮೈಕು. ಸೊಸೈಟಿಯ ಚೇರ್ಮನ್ ಆದಾಗ ತಾವೇ ಏರ್ಪಡಿಸಿಕೊಂಡ ಸತ್ಕಾರಕ್ಕೆ ಮೈಕು. ಹೊಲದಲ್ಲಿ ಬಾವಿ ಹೊಡೆಸಿದಾಗಲೂ ಮೈಕು. ಬಾವಿಯೊಳಗೆ ಇಳಿದ ಕೆಲಸಗಾರರಿಗೆ ಗೌಡರು ದಂಡೆಯ ಮೇಲಿಂದ ದೇಶದ ಏಳಿಗೆಯ ಬಗ್ಗೆ ಮಾತಾಡಿದರು. ಮೇಲೆ ಬರುವ ಹಗ್ಗ ಗೌಡರ ಕಾಲ ಹತ್ತಿರವೇ ಇದ್ದುದರಿಂದ ಅವರೂ ಪೂರ್ತಿ ಕೇಳಿದರು.

ಮೂರಕ್ಕೂ ಬಾಡಿಗೆ ಬಾಕಿ. ಕೇಳಿದರೆ ಗೌಡರು ನಕ್ಕು ಹೆಗಲ ಮೇಲೆ ಕೈ ಹಾಕುತ್ತಿದ್ದರು: ‘ಗೌಡರ ಮನಿ ರೊಕ್ಕಾ ಎಲ್ಲಿ ಓಡಿ ಹೋಗತೈತಿ ಲೇ?’

‘ಓಡಿ ಹೋಗೂದಿಲ್ಲ ಖರೆ,’ ಎಂದು ಲಾಡಲೇಸಾಬ ಮನೆಗೆ ಬಂದು ಮಾಲನಬಿಯ ಮುಂದೆ ಗೋಳಾಡುತ್ತಿದ್ದ, ‘ನನ್ನ ಕಡೆ ಒಂದು ಹೆಜ್ಜಿ ನಡಿಯೂದೂ ಇಲ್ಲಲ್ಲ!’

ಅಷ್ಟರಲ್ಲಿ ಗೌಡರ ಕಿರಿಯ ಮಗನ ಮದುವೆ ಗೊತ್ತಾಯಿತು. ಹೆಣ್ಣು ಬಬಲೇಶ್ವರದ್ದು. ಮೈಕಿಗೆ ಹೇಳಿಕಳಿಸಿದರು. ಮದುವೆಯ ಹಿಂದಿನ ದಿನ ಸೊಲ್ಲಾಪುರದ ರೈಲಿಗೆ ಅಬ್ದುಲಸಮದನೂ ಬಂದಿಳಿದ. ಮಷಿನ್ನು ಮಾರಿದ ಅಂಗಡಿಯ ವಸೂಲಿಯವನು. ಸಣ್ಣ ಆಳು, ಮೆತ್ತಗಿನ ಮಾತು, ಕಂಕುಳಲ್ಲಿ ಒಂದು ಖಾಲಿ ಗೋಣಿಚೀಲ.

‘ಚೀಲಾ ಯಾತಕ್ಕ ಭಾಯಿ?’ ಎಂದ ಲಾಡಲೇಸಾಬ, ಗೊತ್ತಿದ್ದೂ.

‘ಅರವತ್ತು ರೂಪಾಯಿ ಕಂತು ನಿಂತೈತಿ. ರೊಕ್ಕಾ ಕೊಟ್ರ ಚೀಲಾ ಮಡಚಿಕೊಂಡು ಹೋಗತೇನಿ. ಇಲ್ಲಂದ್ರ ಮಷಿನ್ ಇದರಾಗ ಬರತೈತಿ. ನನಗೂ ಮಾಲಕ ಅದಾನಪಾ.’

ಅರವತ್ತು! ಟಿಕೋಟಾದ ಮೂರು ಬಾಡಿಗೆಗೆ ನಾಳೆಯದನ್ನೂ ಸೇರಿಸಿದರೆ ಗೌಡರಿಂದ ಬರಬೇಕಾದದ್ದೂ ಸರಿಯಾಗಿ ಅರವತ್ತು. ‘ನಾಳಿ ಮದುವಿ ಮುಗಿಯೂತನಕ ತಡಿ’ ಎಂದು ಲಾಡಲೇಸಾಬ ಗಡ್ಡ ಹಿಡಿದು ಬೇಡಿಕೊಂಡ. ಅಬ್ದುಲಸಮದ ಒಪ್ಪಿದ, ಆದರೆ ತಾನೂ ಬರುತ್ತೇನೆ, ಮಷಿನ್ನು ಬಿಟ್ಟಿರುವುದಿಲ್ಲ ಎಂದ.

ಸಂಜೆಯ ಚಹಾ ಸೋಸುತ್ತ ಮಾಲನಬಿ ಎಲ್ಲ ಕೇಳಿದಳು. ‘ಮದುವಿಯಾಗ ಬ್ಯಾರೆಯವರ ಎರಡೆರಡು ರೂಪಾಯಿ ಆಯೇರಿ ಕೂಗಿ ಕೂಗಿ ಗಂಟಲಾ ಹರಕೋತೀರಿ. ನಿಮ್ಮ ಬಾಡಿಗಿನೂ ಹಂಗs ಕೂಗಿಬಿಡ್ರಿ. ಕೇಳಿದ್ರ ಅಶುಭ. ಕೂಗಿದ್ರ ಅವರಿಗೇ ಮರ್ಯಾದಿ.’

ಲಾಡಲೇಸಾಬ ಬಸಿ ಕೆಳಗಿಟ್ಟ. ಎದ್ದು ನಿಂತ. ಮತ್ತೆ ಕೂತ. ‘ಯಾ ಅಲ್ಲಾ! ಏನ ತಲಿ ಬೇ ನಿಂದು!’ ಎಂದವನೇ ಕೋಟು ಸಿಕ್ಕಿಸಿಕೊಂಡು, ಭೋಂಗಾ ಒರೆಸಲು ಅಂಗಡಿಗೆ ಓಡಿದ. ಮಾಲನಬಿಯ ಮಾತು ಇನ್ನೂ ಮುಗಿದಿರಲಿಲ್ಲ. ಉಳಿದರ್ಧ ಮಾತನ್ನು ಅವಳು ಚಹಾದ ಚರಟದ ಜೊತೆ ಹೊರಗೆ ಚೆಲ್ಲಿದಳು.

ಆಯೇರಿಯ ಕ್ರಮ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅಕ್ಕಿಕಾಳು ಬಿದ್ದ ಮೇಲೆ ಹಂದರದಲ್ಲಿ ಒಂದು ತಾಟು ಇಡುತ್ತಾರೆ. ಬಂಧುಗಳು ಬಂದು ಅದರಲ್ಲಿ ರೊಕ್ಕ ಇಟ್ಟು, ಹೆಸರು ಹೇಳುತ್ತಾರೆ. ಆಮೇಲೆ ಕೂಗುವವನು, ಇಂಥ ಊರಿನ ಇಂಥವರಿಂದ ಮದುಮಗನಿಗೆ ಇಷ್ಟು ಆಯೇರಿ ಎಂದು ಕೂಗುತ್ತಾನೆ. ಮೊದಲು ಹಂದರದವರೆಗೆ ಕೇಳುತ್ತಿದ್ದ ಕೂಗು ಈಗ ಭೋಂಗಾದಲ್ಲಿ ಹಳ್ಳದಾಚೆಗೂ ಕೇಳತೊಡಗಿದ್ದರಿಂದ ಆಯೇರಿಯ ದರವೂ ಏರಿತ್ತು. ಒಂದು ರೂಪಾಯಿ ಹಿಡಿದು ಬಂದವರು, ಮುಂದಿನವನದು ಎರಡು ಎಂದು ಕೇಳಿದೊಡನೆ, ಸಾಲಿನಿಂದ ಹೊರಬಿದ್ದು ಪರಿಚಯದವರ ಜೇಬು ಹುಡುಕುತ್ತಿದ್ದರು.

ಮರುದಿನ ಟಿಕೋಟಾ! ಗೌಡರ ಮನೆಯ ಮುಂದಿನ ಬೇವಿನ ಮರಕ್ಕೆ ಭೋಂಗಾ ಏರಿತು. ಎರಡು ಲಾರಿ ತುಂಬ ಬಬಲೇಶ್ವರದ ಬೀಗರು ಬಂದಿಳಿದರು. ಅವರ ಮುಂದೆ ಹೆಣ್ಣಿನ ತಂದೆ ಶ್ರೀಶೈಲಪ್ಪ, ಅವರ ಕೈ ಹಿಡಿದು ಅವರ ತಾಯಿ ಪರಸವ್ವ. ಎಂಬತ್ತರ ಮುದುಕಿ, ಹಲ್ಲು ಹೋಗಿದ್ದವು, ಕಣ್ಣು ಹೋಗಿರಲಿಲ್ಲ. ಗೌಡರು ಜರಿ ರುಮಾಲು ಸುತ್ತಿಕೊಂಡು, ಬೀಗರನ್ನು ಬಾಯಿಂದ ಸ್ವಾಗತಿಸುವುದು ಬಿಟ್ಟು ಮೈಕಿನಿಂದ ಸ್ವಾಗತಿಸಿದರು. ಬೀಗರು ಎರಡು ಮಾರು ದೂರದಲ್ಲಿ ನಿಂತಿದ್ದರು. ಸ್ವಾಗತ ಮರದ ಮೇಲಿಂದ ಬಂದದ್ದರಿಂದ ಅವರು ಮರಕ್ಕೇ ಕೈ ಮುಗಿದರು.

ಮಷಿನ್ನಿನ ಪಕ್ಕದಲ್ಲಿ ಅಬ್ದುಲಸಮದ, ತೊಡೆಯ ಮೇಲೆ ಗೋಣಿಚೀಲ. ಲಾಡಲೇಸಾಬನ ಎದೆ ಡಬಡಬ ಬಡಿಯುತ್ತಿತ್ತು. ಒಂದು ಸಲ ಅದು ಮೈಕಿನಲ್ಲೂ ಕೇಳಿತು ಎಂದು ಕೆಲವರು ಹೇಳುತ್ತಾರೆ.

ಅಕ್ಕಿಕಾಳು ಬಿದ್ದವು. ಬಾಜಾ ನಿಂತಿತು. ತಾಟು ಬಂತು, ಆಯೇರಿ ಶುರುವಾಯಿತು. ಕೂಗಿದ, ಕೂಗಿದ, ಲಾಡಲೇಸಾಬ ಅರ್ಧ ತಾಸು ಕೂಗಿದ. ಕೊನೆಯ ಆಯೇರಿ ಮುಗಿದು, ಜನ ಹುಗ್ಗಿಯ ವಾಸನೆಯ ಕಡೆ ತಿರುಗುವ ಹೊತ್ತಿಗೆ ಅವನು ಮತ್ತೊಂದು ಖಾಲಿ ತಾಟನ್ನು ಮಷಿನ್ನಿನ ಮುಂದೆ ಇಟ್ಟ. ಕೋಟಿನ ಗುಂಡಿ ಹಾಕಿಕೊಂಡ. ಉಸಿರೆಳೆದ.

‘ಮಹಾಜನರೇ! ಟಿಕೋಟಾದ ಘನತೆವೆತ್ತ ಹಣಮಂತರಾಯ ಗೌಡರಿಂದ ಮೈಕಿನ ಸೇವೆಗಾಗಿ, ರೋಖು, ಅರವತ್ತೊಂದು ರೂಪಾಯಿ ಸಂದಾಯ!’

ಅರವತ್ತೊಂದು! ಹುಗ್ಗಿ ಬಡಿಸುವವರ ಕೈ ಗಾಳಿಯಲ್ಲಿ ನಿಂತಿತು. ‘ಗೌಡಾ ಅಂದ್ರ ಗೌಡಾ!’ ಎಂದು ಯಾರೋ ಒದರಿದರು. ಚಪ್ಪಾಳೆ ಬಿದ್ದಿತು. ಗೌಡರು ಮೊದಲು ಬೆಚ್ಚಿದರು, ಆಮೇಲೆ ಅರಳಿದರು. ರುಮಾಲು ಸರಿಮಾಡಿಕೊಂಡು ನಿಧಾನವಾಗಿ ಮಷಿನ್ನಿನ ಕಡೆ ನಡೆದು ಬಂದರು. ಬಂತು, ಬಂದೇ ಬಂತು ರೊಕ್ಕ! ಲಾಡಲೇಸಾಬ ತಾಟನ್ನು ಸ್ವಲ್ಪ ಮುಂದೆ ಸರಿಸಿದ.

ಗೌಡರು ಒಂದು ಕೈಯಿಂದ ಮೈಕಿನ ಬಾಯಿ ಮುಚ್ಚಿ, ಬಗ್ಗಿ ಅವನ ಕಿವಿಯಲ್ಲಿ ಹೇಳಿದರು: ‘ಭೇಷ್ ಲಾಡಲೇಸಾಬ! ಹಳೇದು ಹೊಸದು ಎಲ್ಲಾ ಚುಕ್ತಾ ಆತು ನೋಡು. ಸಾವಿರ ಮಂದಿ ಮುಂದ ನೀನs ಮುಟ್ಟೈತಿ ಅಂತ ಕೂಗೀದಿ. ಇದರಕಿಂತಾ ಪಕ್ಕಾ ಪಾವತಿ ಯಾವುದೈತಿ?’

ಹೆಗಲ ಮೇಲೆ ಅದೇ ಹಳೆಯ ಕೈ. ಗೌಡರು ತಿರುಗಿ ಹೋಗಿ, ತಮ್ಮ ಔದಾರ್ಯಕ್ಕೆ ತಾವೇ ಬೆರಗಾದವರಂತೆ ಕುರ್ಚಿಯ ಮೇಲೆ ಕೂತರು.

ಲಾಡಲೇಸಾಬನಿಗೆ ಆಗ ತನ್ನ ತಪ್ಪು ಕಂಡಿತು. ಅಜ್ಜ ಮುತ್ತಜ್ಜರ ಕ್ರಮವೇನು? ಮೊದಲು ತಾಟಿಗೆ, ಆಮೇಲೆ ಬಾಯಿಗೆ. ಜೀವಮಾನದಲ್ಲಿ ಸಾವಿರ ಆಯೇರಿ ಕೂಗಿದವನು ತನ್ನದನ್ನು ಕೂಗುವಾಗ ಮಾತ್ರ ಬಾಯಿಯನ್ನು ತಾಟಿಗಿಂತ ಮುಂದೆ ಓಡಿಸಿದ್ದ! ಮಾಲನಬಿ ಏನೋ ಇನ್ನೂ ಹೇಳುವವಳಿದ್ದಳಲ್ಲ, ಅದು ಇದೇ ಇರಬೇಕು ಎಂದು ಈಗ ಹೊಳೆಯಿತು. ಅಬ್ದುಲಸಮದ ಖಾಲಿ ತಾಟು ನೋಡಿದ, ಲಾಡಲೇಸಾಬನ ಮುಖ ನೋಡಿದ, ಸದ್ದಿಲ್ಲದೆ ಗೋಣಿಚೀಲದ ಬಾಯಿ ಬಿಡಿಸತೊಡಗಿದ.

ಆದರೆ ಭೋಂಗಾದ ಮಾತು ಬೀಗರ ಕಡೆಯೂ ಹೋಗಿತ್ತಲ್ಲ! ಅಲ್ಲಿ ಗುಸುಗುಸು ಎದ್ದಿತ್ತು. ಗಂಡಿನವರು ಮೈಕಿಗೆ ಅರವತ್ತೊಂದು ಕೊಟ್ಟರು, ಹೆಣ್ಣಿನವರು ಬಾಯಿ ಬಿಟ್ಟುಕೊಂಡು ನೋಡಿದರು ಎಂದು ನಾಳೆ ಬಬಲೇಶ್ವರದ ಕಟ್ಟೆಯ ಮೇಲೆ ಮಾತಾಗಬೇಕೆ? ಶ್ರೀಶೈಲಪ್ಪನವರು ಕೆಂಪಗಾಗಿ ಎದ್ದರು. ಇದ್ದಬಿದ್ದ ನೋಟುಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಮಷಿನ್ನಿನ ಕಡೆ ಬಂದರು.

‘ನಮ್ಮದೂ ಕೂಗಪಾ! ಎಪ್ಪತ್ತೊಂದು!’

ಅವರ ಹಿಂದೆಯೇ ಬಂದ ಪರಸವ್ವ ಮಗನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. ‘ತಡೀಲೇ ತಮ್ಮಾ. ಬೀಗರ ರೊಕ್ಕದ ಮ್ಯಾಲ ನಮ್ಮ ರೊಕ್ಕಾ ಇಡೂಣು. ಅವರದು ಎಲ್ಲೈತಿ? ತಾಟಿನ್ಯಾಗ ಒಂದು ಅಡಕಿ ಸೈತ ಇಲ್ಲಲ್ಲ!’

ಮೈಕು ಚಾಲೂ ಇತ್ತು. ‘ಒಂದು ಅಡಕಿ ಸೈತ ಇಲ್ಲಲ್ಲ’ ಎಂಬ ಮಾತು ಬೇವಿನ ಮರದ ಮೇಲಿಂದ ಹೊರಟು, ಸಂತೆ ಬಯಲು ದಾಟಿ, ಟಿಕೋಟಾದ ಕೊನೆಯ ಮನೆಯ ಕೊನೆಯ ಕೋಣೆಯವರೆಗೆ ಹೋಯಿತು.

ಸಾವಿರ ಕಣ್ಣು ತಾಟಿನ ಮೇಲೆ. ಅಲ್ಲಿಂದ ಲಾಡಲೇಸಾಬನ ಮೇಲೆ. ಈಗ ಏನು ಹೇಳಬೇಕು? ಮುಟ್ಟಿದೆ ಎಂದರೆ ಮಷಿನ್ನು ಚೀಲಕ್ಕೆ ಹೋಗುತ್ತದೆ. ಮುಟ್ಟಿಲ್ಲ ಎಂದರೆ ಮದುವೆಮನೆಯಲ್ಲಿ ಗೌಡರ ಮಾನ ಹೋಗುತ್ತದೆ. ಆ ಊರಿಗೆ ಮತ್ತೆ ಭೋಂಗಾ ಹೊತ್ತು ಬರುವುದುಂಟೆ? ಅವನ ಕೈ ತಾನಾಗಿಯೇ ತಾಟನ್ನು ಎತ್ತಿ ಹಿಡಿಯಿತು. ಅಂದು ಮೊದಲ ಬಾರಿಗೆ ಮೈಕಿನ ಮುಂದೆ ಅವನ ಮಾತಿಗೆ ಕೋಟು ಇರಲಿಲ್ಲ.

‘ದೊಡ್ಡವರ ರೊಕ್ಕಾ ಐತಿ ಬೇ ಅವ್ವಾ, ನನ್ನ ಕೈಲೆ ಹೆಂಗ ಇಟ್ಕೊಳ್ಳಲಿ? ಗೌಡ್ರು ತಮ್ಮ ಕೈಯಾರೆ ತಾಟಿನ್ಯಾಗ ಇಡತಾರಂತ ಕಾಯಾಕತ್ತೇನಿ!’

‘ಹಾಂ, ಅದು ಖರೇನs,’ ಎಂದಳು ಪರಸವ್ವ. ‘ಬರ್ರಿ ಬೀಗರ, ಇಡ್ರಿ. ಹುಗ್ಗಿ ಆರತೈತಿ.’

ಗೌಡರು ಎದ್ದರು. ಕೋಟಿನ ಬಲಗಡೆಯ ಜೇಬಿಗೆ ಕೈ ಹಾಕಿದರು. ಭಾಷಣದ ಚೀಟಿ ಬಂತು. ಎಡಗಡೆಯದಕ್ಕೆ ಹಾಕಿದರು, ಕರವಸ್ತ್ರ ಬಂತು. ದೊಡ್ಡ ಮನುಷ್ಯರು ರೊಕ್ಕ ಇಟ್ಟುಕೊಂಡು ಓಡಾಡುವುದಿಲ್ಲ. ಗೌಡರ ಕಣ್ಣು ಹೆಂಗಸರ ಕಡೆ ಹೋಯಿತು. ಅಲ್ಲಿ ಅವರ ಹೆಂಡತಿ ರುಕ್ಮವ್ವ ಆಗಲೇ ಎದ್ದು ನಿಂತಿದ್ದಳು. ಸೊಂಟದ ಸಂಚಿ ಬಿಚ್ಚುತ್ತ ಬಂದು, ಮೈಕಿಗೆ ಕೇಳಬಾರದೆಂದು ಸೆರಗು ಅಡ್ಡ ಹಿಡಿದು ಹೇಳಿದಳು. ಸೆರಗಿಗೆಲ್ಲ ಮೈಕು ಬಗ್ಗುತ್ತದೆಯೇ? ಅದೂ ಊರಿಗೆಲ್ಲ ಕೇಳಿತು.

‘ಕೊಟ್ಟ ಕೂಗಿಸ್ಕೋಬೇಕ್ರಿ, ಕೂಗಿಸ್ಕೊಂಡ ಮ್ಯಾಲ ಅಲ್ಲ. ತಗೋರಿ, ಹಿಡೀರಿ.’

ಗೌಡರು ನೋಟುಗಳನ್ನು ಒಂದೊಂದಾಗಿ ತಾಟಿಗೆ ಹಾಕಿದರು. ಕೊನೆಗೆ ಒಂದು ಬೆಳ್ಳಿ ಬಣ್ಣದ ರೂಪಾಯಿ ಠಣ್ ಎಂದಿತು. ಆ ಠಣ್ ಮೈಕಿನಲ್ಲಿ ಎಷ್ಟು ಚೆನ್ನಾಗಿ ಕೇಳಿತೆಂದರೆ, ಬಾಜಾದವರು ಅದನ್ನೇ ಸೂಚನೆ ಎಂದುಕೊಂಡು ಧಡಧಡ ಬಾರಿಸಲು ಶುರುಮಾಡಿದರು! ಜನ ಕೇಕೆ ಹಾಕಿದರು. ಅಬ್ದುಲಸಮದ ಗೋಣಿಚೀಲವನ್ನು ನಾಲ್ಕು ಮಡಿಕೆ ಮಡಚಿ ಅದರ ಮೇಲೇ ಕೂತು, ‘ಊಟಾ ಯಾವ ಕಡೆ?’ ಎಂದು ಕೇಳಿದ.

ಶ್ರೀಶೈಲಪ್ಪನವರು ಎಪ್ಪತ್ತೊಂದನ್ನು ಹಿಡಿದು ಇನ್ನೂ ನಿಂತಿದ್ದರು. ಪರಸವ್ವ ಮಗನ ಮುಷ್ಟಿ ಬಿಡಿಸಿ, ಐದರ ಒಂದು ನೋಟು ತಾಟಿಗೆ ಹಾಕಿ, ಉಳಿದದ್ದನ್ನು ಅವರ ಜೇಬಿಗೇ ತುರುಕಿದಳು.

‘ಯವ್ವಾ, ಅವರು ಅರವತ್ತೊಂದು...’

‘ಹುಚ್ಚಪ್ಪಾ, ಒಂದು ದಿನದ ಮೈಕಿಗೆ ಯಾರರೆ ಅರವತ್ತು ಕೊಡತಾರೇನು? ಅದು ಅವರ ಹಳೇ ಬಾಕಿ. ನಮ್ಮದೇನು ಬಾಕಿ ಐತಿ?’

ಪುಣ್ಯಕ್ಕೆ ಬಾಜಾದ ಗದ್ದಲದಲ್ಲಿ ಈ ಮಾತು ಮೈಕಿಗೆ ಸಿಗಲಿಲ್ಲ. ಗೌಡರಿಗೆ ಮಾತ್ರ ಸಿಕ್ಕಿತು. ಅವರು ಬೇವಿನ ಮರದ ಎಲೆಗಳನ್ನು ಬಹಳ ಹೊತ್ತು ಪರೀಕ್ಷಿಸಿದರು.

ಸುದ್ದಿ ಲಾಡಲೇಸಾಬನಿಗಿಂತ ಮುಂಚೆ ವಿಜಾಪುರ ಮುಟ್ಟಿತು. ಮುಂದಿನ ಮದುವೆಯಿಂದಲೇ ಯಜಮಾನರು ತಾವಾಗಿ ಕೇಳತೊಡಗಿದರು: ‘ನಮ್ಮ ಬಾಡಿಗಿ ಯಾವಾಗ ಕೂಗತಿ?’ ಮಷಿನ್ನಿನ ಮುಂದೆ ಒಂದು ತಾಟು ಕಾಯಂ ಆಯಿತು. ರೊಕ್ಕ ಬೀಳದೆ ಅವನು ಬಾಯಿ ತೆರೆಯುತ್ತಿರಲಿಲ್ಲ; ಅವನು ಬಾಯಿ ತೆರೆಯದೆ ಯಜಮಾನನ ಮದುವೆ ಪೂರ್ತಿಯಾಗುತ್ತಿರಲಿಲ್ಲ. ಸಾರವಾಡದ ಅಳಿಯ ಒಮ್ಮೆಲೇ ನಕ್ಕುಬಿಟ್ಟ. ಕಾಖಂಡಕಿಯ ದೊಡ್ಡವರು ಹಳೆಯ ಬಾಡಿಗೆ ಹಿಡಿದು ಅಂಗಡಿಗೇ ಬಂದು, ‘ಈಗ ಕೂಗು’ ಎಂದರು. ಅಂಗಡಿಯಲ್ಲಿ ಕೂಗುವುದಿಲ್ಲ, ಮುಂದಿನ ಲಗ್ನಕ್ಕೆ ಬರ್ರಿ ಎಂದದ್ದಕ್ಕೆ ಅವರು ತಮಗೆ ಸಂಬಂಧವೇ ಇಲ್ಲದ ಮದುವೆಗೆ ಹೋಗಿ, ಊಟ ಮಾಡಿ, ಬಾಕಿ ಕೂಗಿಸಿಕೊಂಡು ಬಂದರು. ಭೋಂಗಾದ ಮುಖ ತಮ್ಮ ಊರ ಕಡೆಗೇ ಇರಬೇಕು ಎಂದು ತಾವೇ ನಿಂತು ತಿರುಗಿಸಿದ್ದರು.

ಲಾಡಲೇಸಾಬ ಕಂತುಗಳನ್ನೆಲ್ಲ ತೀರಿಸಿ ಎರಡನೇ ಭೋಂಗಾ ತಂದ. ಊರವರ ಮುಂದೆ ‘ಇದೆಲ್ಲಾ ನನ್ನ ತಲಿ ನೋಡ್ರಿ’ ಎಂದು ಒಮ್ಮೆ ಜಂಬ ಕೊಚ್ಚಿದ. ಒಳಗಿನಿಂದ ಮಾಲನಬಿ, ‘ಹೌದ್ರಿ, ಅರ್ಧಾ ನಿಮ್ಮ ತಲಿ, ಅರ್ಧಾ ಆ ಬಬಲೇಶ್ವರದ ಮುದಿಕಿದು’ ಎಂದಳು. ಅವನು ಮಾತು ಬದಲಿಸಿದ.

ಇಷ್ಟಾದರೂ, ಈ ಪದ್ಧತಿ ಯಾರದು ಎಂದು ಟಿಕೋಟಾದಲ್ಲಿ ಕೇಳಿ ನೋಡಿ. ಹಣಮಂತರಾಯ ಗೌಡರದು ಎನ್ನುತ್ತಾರೆ. ಗೌಡರೇ ಎಲ್ಲ ಸಭೆಗಳಲ್ಲೂ ಹಾಗೆ ಹೇಳುತ್ತ ಬಂದರು: ‘ದುಡಿದವನ ಬೆವರು ಆರುವ ಮೊದಲೇ ಅವನ ಹಣ ತಾಟಿನಲ್ಲಿರಬೇಕು ಎಂಬ ಪರಿಪಾಠವನ್ನು ಈ ನಾಡಿಗೆ ಹಾಕಿಕೊಟ್ಟವನು ನಾನು!’ ಅಷ್ಟು ದೊಡ್ಡ ಮಾತಾಡುವ ಮೊದಲು ಅವರು ಒಂದು ಕ್ಷಣ ತಡೆಯುತ್ತಿದ್ದರು. ಮಷಿನ್ನಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಲಾಡಲೇಸಾಬ ಕೂತಿರುತ್ತಿದ್ದ, ಗೌಡರನ್ನು ನೋಡುತ್ತಿರಲಿಲ್ಲ, ತಾಟನ್ನೇ ನೋಡುತ್ತಿದ್ದ. ಗೌಡರು ಜೇಬಿಗೆ ಕೈ ಹಾಕುತ್ತಿದ್ದರು. ಠಣ್ ಎನ್ನುತ್ತಿತ್ತು. ಆಮೇಲೆಯೇ ಭೋಂಗಾ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿತ್ತು.